ಕವಡೆ ಕಾಸಿನ ದ್ವೀಪಗಳು

ಮದುವೆಯಾಗಿ ಇಪ್ಪತ್ತೈದು ವರ್ಷವಾದ ನೆಪದಲ್ಲಿ ನಾನೂ ನನ್ನ ಹೆಂಡತಿಯೂ ಮಾಲ್ಡೀವ್ಸಿಗೆ ಹೋದೆವು. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ರೆಸಾರ್ಟ್ ಕುಟೀರದ ಒಂದು ರಾತ್ರಿಯ ಬಾಡಿಗೆ ಕೇಳಿ ಎದೆ ಧಸಕ್ಕೆಂದಿತು. ಹಾಗಾಗಿ ರಾಜಧಾನಿ ಮಾಲೆಯಿಂದ ಫೆರ್ರಿ ಹತ್ತಿ, ಜನವಸತಿ ಇರುವ ಮಾಫುಶಿ ದ್ವೀಪದ ಸಣ್ಣ ವಸತಿಗೃಹವೊಂದರಲ್ಲಿ ಇಳಿದುಕೊಂಡೆವು. ಊರವರ ಬದುಕು ನೋಡಬೇಕೆಂಬ ದೊಡ್ಡ ಮಾತನ್ನು ಆಮೇಲೆ ಸೇರಿಸಿಕೊಂಡದ್ದು.

ಬೆಳಿಗ್ಗೆ ತಿಂಡಿಗೆ ಬಂದದ್ದು ತೆಂಗಿನ ತುರಿ, ಈರುಳ್ಳಿ, ಮೆಣಸಿನೊಂದಿಗೆ ಕಲಸಿದ ಟ್ಯೂನಾ ಮೀನು. ಜೊತೆಗೆ ‘ರೋಶಿ’ ಎಂಬ ರೊಟ್ಟಿ. ಹೊನ್ನಾವರದ ಕಡೆಯವರಾದ ನಮಗೆ ಅದೇನೂ ಪರದೇಶದ ರುಚಿ ಅನ್ನಿಸಲಿಲ್ಲ.

ಹೊನ್ನಾವರಕ್ಕೂ ಈ ದ್ವೀಪಗಳಿಗೂ ಹಳೆಯ ನಂಟೊಂದಿದೆ. ಮೊರೊಕ್ಕೊದ ಯಾತ್ರಿಕ ಇಬ್ನ್ ಬತೂತ ನಮ್ಮೂರಿನಲ್ಲಿ ತಂಗಿದ್ದವನು. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಮುಂದೆ ಕಲ್ಲಿಕೋಟೆಯಿಂದ ಹಡಗು ಹತ್ತಿ 1343ರ ಸುಮಾರಿಗೆ ಮಾಲ್ಡೀವ್ಸಿಗೆ ಬಂದು ಖಾಜಿಯಾದ. ಅಲ್ಲಿ ಆಳುತ್ತಿದ್ದವಳು ಖದೀಜಾ ಎಂಬ ರಾಣಿ. ಹೆಂಗಸರು ಸೊಂಟದ ಮೇಲೆ ಬಟ್ಟೆ ಹೊದೆಯಬೇಕೆಂದು ಈತ ಆಜ್ಞೆ ಮಾಡಿದ, ಯಾರೂ ಕೇಳಲಿಲ್ಲ. ತನ್ನ ಸೋಲನ್ನು ತಾನೇ ಬರೆದಿಟ್ಟಿದ್ದಾನೆ.

ಇಷ್ಟು ಹಳೆಯ ನಾಡು ‘ಖಾಲಿ ದ್ವೀಪ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದದ್ದು ತೀರಾ ಈಚೆಗೆ. ಮೊದಲ ರೆಸಾರ್ಟ್ ಕುರುಂಬಾ ಶುರುವಾದದ್ದು 1972ರಲ್ಲಿ. ಜನರಿಲ್ಲದ ದ್ವೀಪಗಳನ್ನು ರೆಸಾರ್ಟುಗಳಿಗೆ ಗುತ್ತಿಗೆಗೆ ಕೊಟ್ಟು, ಪ್ರವಾಸಿಗರನ್ನೂ ಊರುಗಳನ್ನೂ ಬೇರೆಬೇರೆ ಇಡುವುದು ಸರ್ಕಾರದ ನೀತಿಯಾಯಿತು. 2009ರ ಸುಮಾರಿಗೆ ನಿಯಮ ಸಡಿಲವಾದ ಮೇಲೆಯೇ ಊರಿನ ದ್ವೀಪಗಳಲ್ಲಿ ವಸತಿಗೃಹಗಳು ತಲೆಯೆತ್ತಿದ್ದು. ರಾತ್ರಿ ಜಗಲಿಯಲ್ಲಿ ಕೂತರೆ ಆಚೆಯ ರೆಸಾರ್ಟಿನ ದೀಪ ಕಾಣುತ್ತಿತ್ತು. ನಮ್ಮ ವಸತಿಗೃಹದ ಯಜಮಾನತಿಯ ತಮ್ಮ ಅಂಥದೇ ಒಂದು ರೆಸಾರ್ಟಿನಲ್ಲಿ ಕೆಲಸಕ್ಕಿದ್ದಾನೆ. ತಿಂಗಳಿಗೊಮ್ಮೆ ಮನೆಗೆ ಬಂದರೆ ಹೆಚ್ಚು.

ಎರಡನೆಯ ದಿನ ಇಳಿತದ ಹೊತ್ತಿಗೆ ಇವಳು ಕಡಲಂಚಿನಿಂದ ಹಳದಿ ಬಣ್ಣದ ಪುಟ್ಟ ಚಿಪ್ಪೊಂದನ್ನು ಎತ್ತಿದಳು. “ರೀ, ಇದು ನಮ್ಮಜ್ಜಿಯ ಚೌಕಾಬಾರದ ಕವಡೆ ಅಲ್ವಾ?” ಹೌದು, ಅದೇ ಕವಡೆ. ಒಳಗೆ ಜೀವವಿತ್ತು.

ಈ ದ್ವೀಪಗಳ ಟಂಕಸಾಲೆ ಇದೇ ಕಡಲಾಗಿತ್ತು. ಕವಡೆಗಳನ್ನು ಹಿಡಿದು ದಡದ ಗುಂಡಿಗಳಲ್ಲಿ ಹೂಳುತ್ತಿದ್ದರು. ಮಾಂಸ ಕೊಳೆತು ಹೋದ ಮೇಲೆ ಬಿಳಿ ಚಿಪ್ಪು ಉಳಿಯುತ್ತಿತ್ತು. ಒಂದು ಚಿನ್ನದ ದಿನಾರಿಗೆ 4 ಲಕ್ಷ ಕವಡೆ, ಅಗ್ಗವಾದಾಗ ಅದಕ್ಕೂ ಹೆಚ್ಚು ಎಂದು ಇಬ್ನ್ ಬತೂತ ಲೆಕ್ಕ ಕೊಡುತ್ತಾನೆ. ಹವಳದ ಮಣ್ಣಿನಲ್ಲಿ ಭತ್ತ ಬೆಳೆಯುವುದಿಲ್ಲ; ಬಂಗಾಳಕ್ಕೆ ಕವಡೆ ಕೊಟ್ಟು ಅಕ್ಕಿ ತರುತ್ತಿದ್ದರು. ಬಂಗಾಳದಲ್ಲಿ ಅದೇ ಚಿಲ್ಲರೆ ಹಣ.

ಆಮೇಲಿನ ಕತೆ ಕರಾಳ. ಯುರೋಪಿನ ವ್ಯಾಪಾರಿಗಳು ಇದೇ ಕವಡೆಗಳನ್ನು ಹಡಗಿನ ತಳದಲ್ಲಿ ಭಾರಕ್ಕೆಂದು ತುಂಬಿ ಯುರೋಪಿಗೆ ಒಯ್ದರು. ಅಲ್ಲಿಂದ ಪಶ್ಚಿಮ ಆಫ್ರಿಕಕ್ಕೆ ಸಾಗಿಸಿ, ಅಲ್ಲಿನ ಮಾರುಕಟ್ಟೆಯಲ್ಲಿ ಬಟ್ಟೆ, ಬಂದೂಕುಗಳ ಜೊತೆ ಇವನ್ನೂ ಕೊಟ್ಟು ಮನುಷ್ಯರನ್ನು ಕೊಂಡರು. ಗುಲಾಮರಾಗಿ ಅಟ್ಲಾಂಟಿಕ್ ದಾಟಿದ ಎಷ್ಟೋ ಜನರ ಬೆಲೆಯಲ್ಲಿ ಈ ಮೆಲುಅಲೆಯ ದಡದ ಚಿಪ್ಪುಗಳೂ ಸೇರಿದ್ದವು. ಕವಡೆ ಹೆಕ್ಕಿದವರು ಅಕ್ಕಿಗಾಗಿ ಹೆಕ್ಕಿದರು. ಅದು ಯಾರ ಕತ್ತಿಗೆ ಉರುಳಾಯಿತೆಂದು ತಿಳಿಯಲು ಅವರಿಗೆ ದಾರಿಯೇ ಇರಲಿಲ್ಲ.

ನಾನು ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ಇವಳು ಬಗ್ಗಿ ಕವಡೆಯನ್ನು ನೀರಿಗೆ ಬಿಟ್ಟಾಗಿತ್ತು. “ಫೋಟೊ ಆದರೂ ತೆಗೀಬಹುದಿತ್ತು” ಅಂದೆ. “ಅದಕ್ಕೂ ಮನೆ ಇದೆ, ಹೋಗ್ಲಿ ಬಿಡಿ” ಅಂದಳು.

ಊರಿಗೆ ಮರಳಿದ ಮೇಲೆ ಅಜ್ಜಿಯ ಡಬ್ಬಿ ತೆಗೆದು ಒಂದಾಟ ಆಡಿದೆವು. ಸೋತೆ. ಆ ದಿನದಿಂದ ಮಾತ್ರ, ಯಾರ ಬಗ್ಗೆಯಾಗಲಿ ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎನ್ನಲು ಹೊರಟರೆ ನಾಲಿಗೆ ತಡವರಿಸುತ್ತದೆ.