ಹದಿನೆಂಟೋ ಇಪ್ಪತ್ತೊಂದೋ: ಅಮೆರಿಕದಲ್ಲಿ ಮದ್ಯಪಾನದ ವಯೋಮಿತಿ, 1933–1988

2023ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಮದ್ಯ ಕೊಳ್ಳುವವರ ಕನಿಷ್ಠ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ನಿಯಮವೊಂದನ್ನು ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆಗಳು ಬಂದಮೇಲೆ ಅದನ್ನು ಹಿಂತೆಗೆದುಕೊಂಡಿತು. ಆಗ ಅನೇಕರ ಗಮನಕ್ಕೆ ಬಂದ ಸಂಗತಿಯೆಂದರೆ, 1965ರ ನಮ್ಮ ಅಬಕಾರಿ ಅಧಿನಿಯಮದಲ್ಲಿ 18 ಎಂದೂ ಅದರ ಅಡಿಯಲ್ಲಿಯೇ ರಚಿತವಾದ 1967ರ ನಿಯಮಗಳಲ್ಲಿ 21 ಎಂದೂ ಎರಡು ಅಂಕೆಗಳು ಅಷ್ಟು ವರ್ಷಗಳಿಂದಲೂ ಜೊತೆಯಲ್ಲಿಯೇ ಇದ್ದುವು ಎಂಬುದು. ಇವೆರಡರಲ್ಲಿ ಯಾವುದು ಯುಕ್ತ ಎಂದು ಚರ್ಚೆ ನಡೆಯಿತೇ ಹೊರತು, ಈ ಅಂಕೆಗಳು ಎಲ್ಲಿಂದ ಬಂದುವೆಂದು ಯಾರೂ ಹೆಚ್ಚಾಗಿ ಕೇಳಿದಂತೆ ಕಾಣಲಿಲ್ಲ. ಇವೇ ಎರಡು ಅಂಕೆಗಳ ನಡುವೆ ಅರ್ಧ ಶತಮಾನಕ್ಕೂ ಮಿಕ್ಕು ತೂಗಾಡಿದ ದೇಶ ಅಮೆರಿಕ ಸಂಯುಕ್ತ ಸಂಸ್ಥಾನ. ಅಲ್ಲಿನ ವೃತ್ತಾಂತವನ್ನು ಪರಿಶೀಲಿಸಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಮದ್ಯದ ವಯೋಮಿತಿಯನ್ನು ಮದ್ಯದ ಗುಣದೋಷಗಳಿಂದ ಯಾರೂ ಕಂಡುಹಿಡಿಯಲಿಲ್ಲ, ಅದನ್ನು ಪ್ರತಿಸಲವೂ ಬೇರೆ ಕಡೆಯಿಂದ ಕಡ ತರಲಾಯಿತು. ಮೊದಲನೆಯ ಸಲ ಮತಪೆಟ್ಟಿಗೆಯಿಂದ, ಎರಡನೆಯ ಸಲ ಸೈನ್ಯದಿಂದ, ಮೂರನೆಯ ಸಲ ಮೋಟಾರು ರಸ್ತೆಯಿಂದ.

ಅಮೆರಿಕದಲ್ಲಿ 1920ರಲ್ಲಿ ಜಾರಿಗೆ ಬಂದ ಪಾನನಿರೋಧವು 1933ರ ಡಿಸೆಂಬರ್ 5ರಂದು ಸಂವಿಧಾನದ ಇಪ್ಪತ್ತೊಂದನೆಯ ತಿದ್ದುಪಡಿಯಿಂದ ರದ್ದಾಯಿತು. ಆ ತಿದ್ದುಪಡಿಯ ಎರಡನೆಯ ಖಂಡವು ಮದ್ಯದ ನಿಯಂತ್ರಣವನ್ನು ಆಯಾ ರಾಜ್ಯಗಳ ಕೈಗೆ ಒಪ್ಪಿಸಿತು. ಹೊಸದಾಗಿ ಕಾಯಿದೆ ಮಾಡಲು ಕುಳಿತ ರಾಜ್ಯಗಳಲ್ಲಿ ಹೆಚ್ಚಿನವು 21 ವರ್ಷವನ್ನು ಮಿತಿಯಾಗಿ ಇಟ್ಟುಕೊಂಡುವು. ಇದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಅಂದು ಮತ ಹಾಕುವುದಕ್ಕೂ ಸ್ವತಂತ್ರವಾಗಿ ಕರಾರು ಮಾಡಿಕೊಳ್ಳುವುದಕ್ಕೂ ಸಾಮಾನ್ಯವಾಗಿ 21 ವರ್ಷ ತುಂಬಬೇಕಾಗಿತ್ತು. ಪ್ರಾಪ್ತವಯಸ್ಸು ಎಂದರೆ 21. ಆದ್ದರಿಂದ ಮದ್ಯಕ್ಕೂ ಅದೇ.

ಆ 21 ಆದರೂ ಎಲ್ಲಿಯದು? ಅದು ಇಂಗ್ಲೆಂಡಿನ ಮಧ್ಯಯುಗದ ಭೂಹಿಡುವಳಿಯ ಪದ್ಧತಿಯಿಂದ ಬಂದದ್ದು. ರಣಸೇವೆಯ ಷರತ್ತಿನ ಮೇಲೆ ಭೂಮಿ ಪಡೆದವನ ಮಗ 21ಕ್ಕೆ ಪ್ರಾಪ್ತವಯಸ್ಕನಾಗುತ್ತಿದ್ದನು. ಸಾಮಾನ್ಯ ಬೇಸಾಯದ ಹಿಡುವಳಿದಾರನ ಮಗನಾದರೋ ಅದಕ್ಕಿಂತ ಆರೇಳು ವರ್ಷ ಮೊದಲೇ. ಕಬ್ಬಿಣದ ಕವಚವನ್ನು ಹೊತ್ತು ಕುದುರೆಯ ಮೇಲೆ ಕುಳಿತು ಯುದ್ಧಮಾಡುವ ಕಸುವು ಬರಲು ಅಷ್ಟು ಕಾಲ ಬೇಕಾಗುತ್ತಿತ್ತೆಂದು ನ್ಯಾಯಶಾಸ್ತ್ರದ ಇತಿಹಾಸಕಾರರು ಇದನ್ನು ವಿವರಿಸುತ್ತಾರೆ. ಕಾಲಕ್ರಮದಲ್ಲಿ ಕವಚ ಹೋಯಿತು, ಕುದುರೆ ಹೋಯಿತು, ಅಂಕೆ ಮಾತ್ರ ಎಲ್ಲರಿಗೂ ಅನ್ವಯವಾಗಿ ಉಳಿಯಿತು. ಅಟ್ಲಾಂಟಿಕ್ ಸಾಗರವನ್ನು ದಾಟಿ ಕೊನೆಗೆ ಬಿಯರ್ ಅಂಗಡಿಯ ಬಾಗಿಲಿಗೂ ಬಂದು ನಿಂತಿತು.

ಈ ಅಂಕೆಯನ್ನು ಅಲುಗಿಸಿದ್ದು ಯುದ್ಧವೇ. 1942ರ ನವೆಂಬರಿನಲ್ಲಿ ಅಮೆರಿಕವು ಕಡ್ಡಾಯ ಸೈನ್ಯಸೇವೆಯ ವಯಸ್ಸನ್ನು 18ಕ್ಕೆ ಇಳಿಸಿತು. ಹೋರಾಡಲು ಸಾಕಾದ ವಯಸ್ಸು ಮತ ಹಾಕಲು ಏಕೆ ಸಾಲದು ಎಂಬ ಪ್ರಶ್ನೆ ಅದೇ ವರ್ಷ ಎದ್ದಿತು. ಪಶ್ಚಿಮ ವರ್ಜೀನಿಯದ ಜೆನಿಂಗ್ಸ್ ರ‍್ಯಾಂಡಾಲ್ಫ್ ಇದಕ್ಕಾಗಿ ಅಂದೇ ತಿದ್ದುಪಡಿಯೊಂದನ್ನು ಸೂಚಿಸಿ, ಮುಂದೆಯೂ ಮತ್ತೆ ಮತ್ತೆ ಅದನ್ನು ಮಂಡಿಸುತ್ತ ಬಂದರು. 1943ರಲ್ಲಿ ಜಾರ್ಜಿಯ ರಾಜ್ಯವೊಂದು ತನ್ನ ಮತದಾರರ ವಯಸ್ಸನ್ನು 18ಕ್ಕೆ ಇಳಿಸಿಕೊಂಡಿತು. ಉಳಿದ ದೇಶಕ್ಕೆ ಈ ವಾದ ನಾಟಬೇಕಾದರೆ ವಿಯೆಟ್ನಾಂ ಯುದ್ಧದ ಶವಪೆಟ್ಟಿಗೆಗಳು ಬರಬೇಕಾಯಿತು. ಕಾಂಗ್ರೆಸ್ಸು 1971ರ ಮಾರ್ಚಿನಲ್ಲಿ ಅಂಗೀಕರಿಸಿದ ಇಪ್ಪತ್ತಾರನೆಯ ತಿದ್ದುಪಡಿಯು ಜುಲೈ 1ರ ವೇಳೆಗೆ ಸಾಕಷ್ಟು ರಾಜ್ಯಗಳ ಒಪ್ಪಿಗೆ ಪಡೆದು ಸಿದ್ಧವಾಯಿತು. ಅಮೆರಿಕದ ಯಾವ ತಿದ್ದುಪಡಿಯೂ ಇಷ್ಟು ಶೀಘ್ರವಾಗಿ ಅನುಮೋದನೆ ಪಡೆದಿರಲಿಲ್ಲ.

ಆ ತಿದ್ದುಪಡಿಯಲ್ಲಿ ಮದ್ಯದ ಹೆಸರೇ ಇಲ್ಲ. ಆದರೂ 1970ರಿಂದ 1975ರ ಒಳಗೆ 29 ರಾಜ್ಯಗಳು ಮದ್ಯದ ವಯೋಮಿತಿಯನ್ನು 18ಕ್ಕೋ 19ಕ್ಕೋ 20ಕ್ಕೋ ಇಳಿಸಿದುವು. ಪ್ರಾಪ್ತವಯಸ್ಸು ಒಂದು ಇಡಿಯಾದ ವಸ್ತು, ಅದನ್ನು ತುಂಡುಮಾಡಿ ಕೊಡಲಾಗದು ಎಂಬ ಭಾವನೆ ಅಂದು ಎಷ್ಟು ಬಲವಾಗಿತ್ತೆಂಬುದಕ್ಕೆ ಇದು ಸಾಕ್ಷಿ. ಪರದೇಶದ ಗದ್ದೆಬಯಲಿನಲ್ಲಿ ಸಾಯಲು ಕಳುಹಿಸಿದ ಹುಡುಗನಿಗೆ ಊರಿನಲ್ಲಿ ಒಂದು ಲೋಟ ಬಿಯರನ್ನು ನಿರಾಕರಿಸುವುದು ಯಾವ ನ್ಯಾಯ ಎಂಬ ಮಾತಿಗೆ ಶಾಸನಸಭೆಗಳಲ್ಲಿ ಉತ್ತರ ಹೇಳುವುದು ಕಷ್ಟವಾಗಿತ್ತು.

ಈ ಅವಧಿಯ ಒಂದು ಮೊಕದ್ದಮೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಕ್ಲಹೋಮ ರಾಜ್ಯವು 1972ರಲ್ಲಿ ಗಂಡು ಹೆಣ್ಣುಗಳಿಬ್ಬರಿಗೂ 18 ವರ್ಷವನ್ನೇ ಪ್ರಾಪ್ತವಯಸ್ಸೆಂದು ಗೊತ್ತುಮಾಡಿತು. ಆದರೆ ನೂರಕ್ಕೆ 3.2 ಭಾಗ ಮದ್ಯಸಾರವಿರುವ ಬಿಯರನ್ನು ಹುಡುಗಿಯರು 18ಕ್ಕೆ ಕೊಳ್ಳಬಹುದು, ಹುಡುಗರು 21ರ ವರೆಗೆ ಕಾಯಬೇಕು ಎಂಬ ಭೇದವನ್ನು ಉಳಿಸಿಕೊಂಡಿತು. ವಿಚಿತ್ರವೆಂದರೆ ಆ ಬಿಯರು ಅಮಲೇರಿಸದ ಪಾನೀಯವೆಂದು ಅದೇ ರಾಜ್ಯದ ಕಾಯಿದೆ ಹೇಳುತ್ತಿತ್ತು! ಹುಡುಗರಿಗೆ ನಿಷಿದ್ಧವಾಗಿದ್ದುದು ಕೊಳ್ಳುವುದೇ ಹೊರತು ಕುಡಿಯುವುದಲ್ಲ. ಜೊತೆಗಿರುವ ಹುಡುಗಿ ಕೊಂಡು ಕೊಟ್ಟರೆ ಅವರು ಕುಡಿಯಬಹುದಾಗಿತ್ತು. ಕರ್ಟಿಸ್ ಕ್ರೇಗ್ ಎಂಬ ತರುಣನೂ ಕ್ಯಾರೊಲಿನ್ ವಿಟ್ನರ್ ಎಂಬ ಬಿಯರ್ ವ್ಯಾಪಾರಿಯೂ ಇದನ್ನು ಪ್ರಶ್ನಿಸಿದರು. ರಾಜ್ಯವು ತನ್ನ ಪರವಾಗಿ ಅಂಕಿಅಂಶಗಳನ್ನು ಒದಗಿಸಿತು: 18ರಿಂದ 20 ವರ್ಷದವರಲ್ಲಿ ಕುಡಿದು ವಾಹನ ನಡೆಸಿ ಸಿಕ್ಕಿಬಿದ್ದವರು ಹೆಣ್ಣುಮಕ್ಕಳಲ್ಲಿ ನೂರಕ್ಕೆ 0.18, ಗಂಡುಮಕ್ಕಳಲ್ಲಿ ನೂರಕ್ಕೆ 2. ಮೊಕದ್ದಮೆ ಮುಗಿಯುವ ಮೊದಲೇ ಕ್ರೇಗನಿಗೆ 21 ತುಂಬಿ ಅವನ ದೂರಿಗೆ ಅರ್ಥವಿಲ್ಲದಾಯಿತು. ವ್ಯಾಪಾರಿಯ ಹಕ್ಕಿನ ಆಧಾರದ ಮೇಲೆ ವಿಚಾರಣೆ ಮುಂದುವರಿಯಿತು. 1976ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಭೇದವನ್ನು ರದ್ದುಪಡಿಸಿತು. ನೂರರಲ್ಲಿ ಇಬ್ಬರ ತಪ್ಪಿಗಾಗಿ ಇಡೀ ಗಂಡುಜಾತಿಯನ್ನು ಹೊಣೆಮಾಡುವುದು ಸಲ್ಲದೆಂಬುದು ನ್ಯಾಯಮೂರ್ತಿ ಬ್ರೆನನ್ನರ ತೀರ್ಪಿನ ಸಾರ. ಸ್ತ್ರೀಪುರುಷ ಸಮಾನತೆಯ ನ್ಯಾಯತತ್ತ್ವಕ್ಕೆ ಈ ತೀರ್ಪು ಮೂಲಸ್ತಂಭವಾಯಿತೆಂಬುದು ಪ್ರಸಿದ್ಧ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೆ: ಲಿಂಗಕ್ಕೆ ಸಲ್ಲದೆಂದು ಹೇಳಿದ ಈ ತರ್ಕವನ್ನು ವಯಸ್ಸಿಗೆ ಅನ್ವಯಿಸುವ ಗೋಜಿಗೆ ನ್ಯಾಯಾಲಯ ಹೋಗಲಿಲ್ಲ. ನೂರರಲ್ಲಿ ಕೆಲವರ ತಪ್ಪಿಗೆ ಇಡೀ ವಯೋವರ್ಗವನ್ನು ಹೊಣೆಮಾಡುವ ದಾರಿ ತೆರೆದೇ ಉಳಿಯಿತು.

ಆ ದಾರಿಯಲ್ಲಿ ಬಂದದ್ದು ರಸ್ತೆಯ ವಾದ. ಮಿಷಿಗನ್ ರಾಜ್ಯ 1972ರಲ್ಲಿ ಮಿತಿಯನ್ನು 18ಕ್ಕೆ ಇಳಿಸಿತ್ತು. 1978ರ ನವೆಂಬರಿನ ಜನಮತಗಣನೆಯಲ್ಲಿ ಅಲ್ಲಿನ ಮತದಾರರು 21ನ್ನು ಮರಳಿ ತಂದು ರಾಜ್ಯದ ಸಂವಿಧಾನದಲ್ಲಿಯೇ ಬರೆದಿಟ್ಟರು. ಒಂದೇ ರಾಜ್ಯ, ಅವವೇ ರಸ್ತೆಗಳು, ಆರು ವರ್ಷಗಳಲ್ಲಿ ಎರಡು ಬದಲಾವಣೆ: ಪರಿಶೀಲನೆಗೆ ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ. ಅಲೆಕ್ಸಾಂಡರ್ ವ್ಯಾಗನಾರ್ ಮೊದಲಾದ ಸಂಶೋಧಕರು ಅಪಘಾತಗಳ ದಾಖಲೆಗಳನ್ನು ಎಣಿಸಿ, ಮಿತಿ ಇಳಿದಾಗ ತರುಣ ಚಾಲಕರ ಅಪಘಾತಗಳು ಏರಿದುದನ್ನೂ ಮಿತಿ ಏರಿದಾಗ ಅವು ಇಳಿದುದನ್ನೂ ತೋರಿಸಿದರು. ಮೊದಲಿನ ಎರಡು ಅಂಕೆಗಳ ಹಿಂದೆ ಇಲ್ಲದ ಒಂದು ಆಧಾರ ಈ ಮೂರನೆಯದಕ್ಕೆ ಹೀಗೆ ದೊರೆಯಿತೆಂಬುದನ್ನು ಒಪ್ಪಲೇಬೇಕು.

ಲೆಕ್ಕಕ್ಕಿಂತ ಹೆಚ್ಚಾಗಿ ಜನಮನಸ್ಸನ್ನು ಕಲಕಿದ್ದು ದುಃಖ. 1980ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯದಲ್ಲಿ 13 ವರ್ಷದ ಕ್ಯಾರಿ ಲೈಟ್ನರ್ ಎಂಬ ಬಾಲಕಿ ಕುಡಿದ ಚಾಲಕನ ಕಾರಿಗೆ ಸಿಕ್ಕು ಮೃತಳಾದಳು. ಆಕೆಯ ತಾಯಿ ಕ್ಯಾಂಡಿ ಲೈಟ್ನರ್ ಅದೇ ವರ್ಷ ಕುಡಿದು ವಾಹನ ನಡೆಸುವವರ ವಿರುದ್ಧ ತಾಯಂದಿರ ಸಂಘವನ್ನು ಸ್ಥಾಪಿಸಿದರು. 21ರ ಮಿತಿಯನ್ನು ದೇಶಾದ್ಯಂತ ತರಬೇಕೆಂಬುದು ಆ ಸಂಘದ ಮುಖ್ಯ ಬೇಡಿಕೆಗಳಲ್ಲಿ ಒಂದಾಯಿತು. ಬಾಲಕಿಯ ಸಾವಿಗೆ ಕಾರಣನಾದ ಚಾಲಕನು ನಲವತ್ತು ದಾಟಿದವನು, ಹಿಂದೆಯೂ ಇಂಥ ತಪ್ಪಿಗೆ ಸಿಕ್ಕಿಬಿದ್ದಿದ್ದವನು ಎಂಬುದನ್ನು ಇಲ್ಲಿ ನೆನೆಯಬೇಕು. ತಾಯಿಯ ಸಂಕಟವನ್ನು ಲಘುವಾಗಿಸಲು ಈ ಮಾತು ಹೇಳುತ್ತಿಲ್ಲ. ಕುಡಿದ ಚಾಲಕರೆಲ್ಲರ ಮೇಲಿನ ಕೋಪವು ಶಾಸನವಾಗುವಷ್ಟರಲ್ಲಿ ಸಂಘಟಿತ ಬಲವಿಲ್ಲದ ಒಂದು ವರ್ಗದ ಮೇಲೆ ಹೆಚ್ಚಾಗಿ ಬಿದ್ದಿತೆಂಬುದು ಇತಿಹಾಸದ ಸಂಗತಿ.

ರಾಜ್ಯರಾಜ್ಯಗಳಲ್ಲಿ ಮಿತಿ ಬೇರೆಯಾಗಿದ್ದುದರಿಂದ ಇನ್ನೊಂದು ಅನರ್ಥ ನಡೆಯುತ್ತಿತ್ತು. ನ್ಯೂಜರ್ಸಿಯಲ್ಲಿ 1983ರಿಂದ 21, ನೆರೆಯ ನ್ಯೂಯಾರ್ಕಿನಲ್ಲಿ 1985ರ ಕೊನೆಯವರೆಗೂ 19. ತರುಣರು ಗಡಿ ದಾಟಿ ಹೋಗಿ ಕುಡಿದು ರಾತ್ರಿಯಲ್ಲಿ ಕಾರು ಓಡಿಸಿಕೊಂಡು ಮರಳುತ್ತಿದ್ದರು. ಇಂಥ ಎಲ್ಲೆಗಳಿಗೆ ರಕ್ತದ ಗಡಿಗಳೆಂದೇ ಹೆಸರಾಯಿತು. ನ್ಯೂಜರ್ಸಿಯ ಪ್ರತಿನಿಧಿಗಳೇ ಆದ ಜೇಮ್ಸ್ ಹವರ್ಡ್ ಮತ್ತು ಫ್ರ್ಯಾಂಕ್ ಲಾಟನ್‌ಬರ್ಗ್ ಇದಕ್ಕೆ ಪರಿಹಾರವನ್ನು ಕಾಂಗ್ರೆಸ್ಸಿನಲ್ಲಿ ಹುಡುಕಿದ್ದು ಸಹಜ. ರಾಜ್ಯಗಳ ಸ್ವಾತಂತ್ರ್ಯದ ಪ್ರತಿಪಾದಕರಾದ ಅಧ್ಯಕ್ಷ ರೇಗನ್ ಮೊದಲು ಒಪ್ಪದೆ, ಅನಂತರ ಮನಸ್ಸು ಬದಲಿಸಿ 1984ರ ಜುಲೈ 17ರಂದು ಕಾಯಿದೆಗೆ ಸಹಿ ಹಾಕಿದರು. ಮದ್ಯದ ವಿಷಯದಲ್ಲಿ ರಾಜ್ಯಗಳಿಗೆ ನೇರವಾಗಿ ಆಜ್ಞಾಪಿಸಲು ಇಪ್ಪತ್ತೊಂದನೆಯ ತಿದ್ದುಪಡಿ ಅಡ್ಡಬರುತ್ತಿತ್ತಷ್ಟೆ. ಆದಕಾರಣ ಕಾಯಿದೆಯು ಹಣದ ಮಾತನ್ನಾಡಿತು: 21ಕ್ಕಿಂತ ಕಡಮೆ ವಯಸ್ಸಿನವರಿಗೆ ಮದ್ಯ ಕೊಳ್ಳಲು ಅವಕಾಶ ಕೊಡುವ ರಾಜ್ಯಕ್ಕೆ ಹೆದ್ದಾರಿಯ ಅನುದಾನದಲ್ಲಿ ಮೊದಲ ವರ್ಷ ನೂರಕ್ಕೆ 5, ಬಳಿಕ ನೂರಕ್ಕೆ 10 ಕಡಿತ.

19 ವರ್ಷದವರಿಗೆ 3.2ರ ಬಿಯರನ್ನು ಮಾರಲು ಬಿಡುತ್ತಿದ್ದ ದಕ್ಷಿಣ ಡಕೋಟ ರಾಜ್ಯವು ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. 1987ರ ಜೂನಿನಲ್ಲಿ ಏಳು ಮಂದಿ ನ್ಯಾಯಮೂರ್ತಿಗಳು ಕೇಂದ್ರದ ಪರವಾಗಿಯೂ ಇಬ್ಬರು ವಿರುದ್ಧವಾಗಿಯೂ ನಿಂತರು. ಕಡಿತ ಅಲ್ಪವಾದದ್ದು, ಇದು ಪ್ರೋತ್ಸಾಹವೇ ಹೊರತು ಬಲಾತ್ಕಾರವಲ್ಲ ಎಂದರು ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್. ಭಿನ್ನಮತ ಬರೆದ ನ್ಯಾಯಮೂರ್ತಿ ಓಕಾನರ್ ಅವರ ಆಕ್ಷೇಪಣೆ ತೂಕವುಳ್ಳದ್ದು: ಕುಡಿದು ವಾಹನ ನಡೆಸದಂತೆ ತಡೆಯುವುದೇ ಗುರಿಯಾದರೆ, ಈ ಕಾಯಿದೆ ವಾಹನವನ್ನೇ ಮುಟ್ಟದ ತರುಣನನ್ನೂ ಹಿಡಿಯುತ್ತದೆ, ಅಪಾಯದ ಬಹುಭಾಗಕ್ಕೆ ಹೊಣೆಗಾರರಾದ ಹಿರಿಯರನ್ನು ಬಿಟ್ಟುಬಿಡುತ್ತದೆ. ಭಿನ್ನಮತದ ಇನ್ನೊಬ್ಬರು, ಒಕ್ಲಹೋಮದ ತೀರ್ಪನ್ನು ಬರೆದಿದ್ದ ಅದೇ ಬ್ರೆನನ್. ತೀರ್ಪಿನ ಮರುವರ್ಷ, 1988ರಲ್ಲಿ, ವಯೋಮಿಂಗ್ ರಾಜ್ಯವು ಕೊನೆಯದಾಗಿ ತಲೆಬಾಗಿತು.

21ರ ಮಿತಿಯಿಂದ ವರ್ಷಕ್ಕೆ ಸುಮಾರು 900 ಜೀವಗಳು ಉಳಿದುವೆಂದು ಅಮೆರಿಕದ ಹೆದ್ದಾರಿ ಸುರಕ್ಷತೆಯ ಇಲಾಖೆ ಅಂದಾಜು ಮಾಡಿತು. ಇದನ್ನು ತಳ್ಳಿಹಾಕುವಂತಿಲ್ಲ, ಆದರೆ ಅದೇ ಕಾಲದಲ್ಲಿ ಸೀಟುಪಟ್ಟಿ ಕಡ್ಡಾಯವಾಯಿತು, ಪೋಲೀಸರ ತಪಾಸಣೆ ಬಿಗಿಯಾಯಿತು, ಆದ್ದರಿಂದ ಶ್ರೇಯಸ್ಸನ್ನು ಹಂಚುವುದು ಸುಲಭವಲ್ಲ. 2008ರಲ್ಲಿ ಮಿಡಲ್‌ಬರಿ ಕಾಲೇಜಿನ ಮಾಜಿ ಅಧ್ಯಕ್ಷ ಜಾನ್ ಮೆಕಾರ್ಡೆಲ್ ಅವರ ಮುಂದಾಳ್ತನದಲ್ಲಿ ನೂರಕ್ಕೂ ಹೆಚ್ಚು ಕಾಲೇಜು ಮುಖ್ಯಸ್ಥರು, ಈ ನಿಷೇಧವು ವಿದ್ಯಾರ್ಥಿಗಳ ಕುಡಿತವನ್ನು ಹಿರಿಯರ ಕಣ್ಣಿನಿಂದ ಮರೆಗೆ ಅಟ್ಟಿ ಮಿತಿಮೀರಿಸಿದೆಯೆಂದು ಹೇಳಿ ಮರುಚರ್ಚೆಯನ್ನು ಕೋರಿದರು. ಅಧ್ಯಾಪಕರಾದ ನಮಗೆ ಅವರ ಅಳಲು ಅರ್ಥವಾಗದ್ದಲ್ಲ. ಯಾವ ರಾಜ್ಯವೂ ಮಿತಿಯನ್ನು ಬದಲಿಸಲಿಲ್ಲ.

ಕಡ ತಂದ ಅಂಕೆ ಮುಂದೆ ತಾನೇ ಕಡ ಕೊಡುವಂತಾಯಿತು. 2019ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸು ತಂಬಾಕಿನ ಮಾರಾಟಕ್ಕೂ 21 ವರ್ಷದ ಮಿತಿಯನ್ನು ವಿಧಿಸಿತು. ಅದಕ್ಕೆ ಮೂರು ವರ್ಷ ಹಿಂದೆ ಕ್ಯಾಲಿಫೋರ್ನಿಯವು ತಂಬಾಕಿಗೆ ಇದೇ ಮಿತಿಯನ್ನು ತಂದಾಗ, ಸೇವೆಯಲ್ಲಿರುವ 18 ವರ್ಷದ ಸೈನಿಕನಿಗೆ ಮಾತ್ರ ವಿನಾಯಿತಿ ಕೊಟ್ಟಿತ್ತು.