ತಂತಿಗಾಗಿ ಗಿಟಾರ್ ಕೊಂಡವರು

ತಂಬೂರಿಯ ಮಂದ್ರದ ತಂತಿ ತೀರ ಸಡಿಲವಾದರೆ ನಾದ ಮಂಕಾಗುವುದನ್ನು ನೀವು ಬಲ್ಲಿರಿ. ಬೇಸ್ ಗಿಟಾರಿನ ಕಷ್ಟವೂ ಅದೇ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ತಮ್ಮ ‘ಪ್ರಿಸಿಷನ್ ಬೇಸ್’ ತಂದಾಗ ತಂತಿಗೆ ಚಪ್ಪಟೆ ಪಟ್ಟಿ ಸುತ್ತುತ್ತಿದ್ದರು. ಬೆರಳಿಗೆ ನಯ, ದನಿ ಮಾತ್ರ ಗುಮ್ಮೆನ್ನುವಂಥದು.

1965ರಲ್ಲಿ ಲಂಡನ್ನಿನ ‘ದ ಹೂ’ ತಂಡ ‘ಮೈ ಜನರೇಷನ್’ ಹಾಡನ್ನು ಮುದ್ರಿಸುವಾಗ ಬೇಸ್ ವಾದಕ ಜಾನ್ ಎಂಟ್‌ವಿಸಲ್‌ಗೆ ಹೊಳಪಿನ ದನಿ ಬೇಕಿತ್ತು. ನಡುವೆ ಅವರದೇ ಒಂಟಿ ವಾದನ. ಡ್ಯಾನ್‌ಎಲೆಕ್ಟ್ರೋ ಬೇಸಿನ ಸಣ್ಣ ತಂತಿಗಳಲ್ಲಿ ಅದು ಸಿಕ್ಕಿತು, ಆದರೆ ತಂತಿ ಹರಿಯಿತು. ಬಿಡಿ ತಂತಿ ಸಿಗದೆ ಮತ್ತೊಂದು ಗಿಟಾರನ್ನೇ ಕೊಂಡೆ ಎಂದು ಅವರೇ ಹೇಳಿಕೊಂಡಿದ್ದಾರೆ. ಮೂಗುದಾರ ಕಡಿಯಿತೆಂದು ಹೊಸ ಎತ್ತು ತಂದ ಹಾಗೆ! ಕೊನೆಗೆ ಸೋತು ಫೆಂಡರಿನಲ್ಲೇ ನುಡಿಸಿದರು.

1966ರಲ್ಲಿ ಅವರು ‘ರೋಟೋಸೌಂಡ್’ ತಂತಿ ತಯಾರಕ ಜೇಮ್ಸ್ ಹೌ ಅವರ ಬಳಿ ಹೋದರು. ತೊಡಕಿದ್ದದ್ದು ದಪ್ಪನೆಯ ಎರಡು ತಂತಿಗಳಲ್ಲಿ. ತೂಕ ಹೆಚ್ಚಿದಷ್ಟೂ ಅದೇ ಶ್ರುತಿಗೆ ಬಿಗಿ ಹೆಚ್ಚು ಬೇಕು. ಪೆಡಸಾದರೆ ತಂತಿ ಸರಿಯಾಗಿ ಕಂಪಿಸದು. ಉಕ್ಕಿನ ಎಳೆಯ ಮೇಲೆ ದುಂಡು ತಂತಿಯನ್ನೇ ಸುತ್ತಿ, ದಪ್ಪವನ್ನು ಮತ್ತೆ ಮತ್ತೆ ತಿದ್ದಿ ಹದಕ್ಕೆ ತಂದರು. ‘ಸ್ವಿಂಗ್ ಬೇಸ್ 66’ ಹುಟ್ಟಿದ್ದು ಹೀಗೆ.

ಒರಟು ಸುತ್ತು ಗಿಟಾರಿನ ಮೆಟ್ಟುಗಳನ್ನು ಸವೆಸುತ್ತದೆ, ನಿಜ. ಬೆರಳ ಬೆವರು ಸಂದಿಗಿಳಿದರೆ ಹೊಳಪೂ ಇಳಿಯುತ್ತದೆ. ಎಂಟ್‌ವಿಸಲ್ 2002ರಲ್ಲಿ ತೀರಿಕೊಂಡರು. ಆ ತಂತಿ ಇಂದಿಗೂ ಮಾರಾಟದಲ್ಲಿದೆ.