ಹಸಿರು ದಾರಿ: ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗ

ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ 1979ರಲ್ಲಿ ಪೂರ್ಣಗೊಂಡಿತು. ಅದರ ಜೀವಾಳ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿ: ಸುಮಾರು 55 ಕಿ.ಮೀ., 57 ಸುರಂಗ, 109 ಸೇತುವೆ, ಪ್ರತಿ 50 ಮೀಟರಿಗೆ 1 ಮೀಟರ್ ಇಳಿಜಾರು.

ಬ್ರಾಡ್ ಗೇಜ್ ಕಾಮಗಾರಿಗಾಗಿ 1996ರಲ್ಲಿ ರೈಲು ನಿಂತಿತು; ಹಳಿಗುಂಟ ಚಾರಣಿಗರು ಬಂದರು. ದೋಣಿಗಾಲ್‌ನಿಂದ ಎಡಕುಮೇರಿಯತ್ತ ಸ್ಲೀಪರ್‌ನಿಂದ ಸ್ಲೀಪರಿಗೆ ಹೆಜ್ಜೆ, ಸುರಂಗದೊಳಗೆ ಟಾರ್ಚ್ ಬೆಳಕು, ಸೇತುವೆಯಡಿ ತೊರೆ, ಸುತ್ತಲೂ ಪಶ್ಚಿಮ ಘಟ್ಟದ ಮಳೆಕಾಡು. ನಾಡಿನ ಚಾರಣಪ್ರಿಯರಿಗೆ ಇದು ‘ಗ್ರೀನ್ ರೂಟ್’ ಆಯಿತು.

ರೈಲು ನಿಂತ ದಾರಿ ಹಸಿರಾಗಿಯೇ ಉಳಿಯುವುದೂ ಉಂಟು: ಪ್ಯಾರಿಸ್ಸಿನಲ್ಲಿ ಕೈಬಿಟ್ಟ ರೈಲುದಾರಿಯ ಮೇಲೆ 1993ರಲ್ಲಿ ತೆರೆದ ಉದ್ಯಾನ ಇಂದಿಗೂ ಉದ್ಯಾನವೇ. ಇಲ್ಲಿ ಹಾಗಾಗಲಿಲ್ಲ; 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮರಳಿತು. ಕರಾವಳಿಗೆ ಅದು ಬೇಕೇ ಇತ್ತು.

ಈಗ ಹಳಿಯ ಮೇಲೆ ನಡೆಯುವುದು ನಿಷಿದ್ಧ, ಪ್ರಾಣಾಪಾಯ. ಈ ಕಾಡನ್ನು ಕಣ್ತುಂಬಿಕೊಳ್ಳಲು ಹಗಲಿನ ರೈಲು ಹತ್ತಿ.